ಹೊಸ ಖಾತೆಗೆ ಹಳೆಯ ಜಮೆ
ವಿಡಿಯೊ ಗೇಮ್ ಉದ್ಯಮದ ಏಳುಬೀಳುಗಳಿಂದ ವ್ಯಾಪಾರಿಗಳು ಕಲಿಯಬಹುದಾದ ಪಾಠ

ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಪೂಜೆ ಸಲ್ಲಿಸುವುದು ನಮ್ಮ ವ್ಯಾಪಾರಿ ಬಂಧುಗಳ ಮಳಿಗೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುವ ಪದ್ಧತಿ. ಲೆಕ್ಕಪತ್ರಗಳೆಲ್ಲ ಗಣಕಯಂತ್ರಕ್ಕೆ ಸೇರಿದ ಮೇಲೂ ಈ ಪೂಜೆ ನಿಂತಿಲ್ಲ. ಪೂಜೆ ಮುಗಿದ ನಂತರ ಹೊಸ ಪುಸ್ತಕದ ಮೊದಲ ಪುಟಗಳಿಗೆ ಹಳೆಯ ಪುಸ್ತಕದ ಬಾಕಿ ಮತ್ತು ಜಮೆಗಳನ್ನು ಎತ್ತಿ ಬರೆಯಲಾಗುತ್ತದೆ. ಪುಸ್ತಕ ಹೊಸದೆಂಬ ಕಾರಣಕ್ಕೆ ಗಿರಾಕಿಯ ಹಳೆಯ ಜಮೆಯನ್ನು ಯಾವ ವ್ಯಾಪಾರಿಯೂ ಬಿಟ್ಟುಬಿಡುವುದಿಲ್ಲ. ಬಿಟ್ಟರೆ ಅವನ ಅಂಗಡಿಗೆ ಮತ್ತೆ ಯಾರೂ ಬರುವುದಿಲ್ಲ.

ಹಣದ ಲೆಕ್ಕದಲ್ಲಿ ಇಷ್ಟೊಂದು ಎಚ್ಚರ ವಹಿಸುವ ನಾವು ಇನ್ನೊಂದು ಬಗೆಯ ಜಮೆಯನ್ನು ಮಾತ್ರ ಮರೆಯುತ್ತೇವೆ. ವರ್ಷಾನುಗಟ್ಟಲೆ ಒಂದೇ ಸರಕನ್ನು ಮೆಚ್ಚಿ ಕೊಂಡ, ನಾಲ್ಕು ಜನರಿಗೆ ಅದನ್ನು ಹೇಳಿದ, ಸಣ್ಣಪುಟ್ಟ ದೋಷಗಳನ್ನು ಸಹಿಸಿಕೊಂಡ ಗಿರಾಕಿಯ ವಿಶ್ವಾಸವೇ ಆ ಜಮೆ. ಸರಕನ್ನು ಸುಧಾರಿಸಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ತರುವಾಗ ಈ ಜಮೆಯನ್ನು ಹೊಸ ಖಾತೆಗೆ ಎತ್ತಿ ಬರೆಯದಿದ್ದರೆ ಏನಾಗುತ್ತದೆಂಬುದಕ್ಕೆ ವಿಡಿಯೊ ಗೇಮ್ ಉದ್ಯಮವು ಹಲವು ನಿದರ್ಶನಗಳನ್ನು ಒದಗಿಸುತ್ತದೆ. ಅವುಗಳಲ್ಲಿ ಮುಖ್ಯವಾದ ಎರಡು ಸಂಸ್ಥೆಗಳ ಕಥೆ ನಮ್ಮ ಬೆಂಗಳೂರಿನ ಮೂಲಕವೇ ಹಾದುಹೋಗುತ್ತದೆ.

ನಮಗೇಕೆ ಈ ಆಟಗಳ ಗೊಡವೆ?

ಮೆಣಸಿನಕಾಯಿ, ಶೇಂಗಾ, ಹತ್ತಿ, ಸೀರೆ ಮತ್ತು ಮುದ್ರಣಗಳ ಊರಿನವರಿಗೆ ಮಕ್ಕಳ ಆಟದ ಸುದ್ದಿ ಏಕೆ ಎಂದು ಓದುಗರು ಕೇಳಬಹುದು. ಇಂದು ಕುರ್ತಕೋಟಿಯಂತಹ ಹಳ್ಳಿಯ ಕಟ್ಟೆಯ ಮೇಲೂ ಸಂಜೆ ಹೊತ್ತಿನಲ್ಲಿ ಮೊಬೈಲ್ ಹಿಡಿದು ಗುಂಪಾಗಿ ಆಡುವ ಯುವಕರನ್ನು ಕಾಣಬಹುದು. ಅವರೆಲ್ಲರಿಗೂ ಪಬ್‌ಜಿ ಎಂಬ ಆಟದ ಹೆಸರು ಗೊತ್ತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು ನಿಷೇಧಿಸಿತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಸಂಸ್ಥೆ 2021ರ ಜುಲೈನಲ್ಲಿ ಅದನ್ನೇ ಹೋಲುವ ಹೊಸ ಆಟವನ್ನು ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ ಎಂಬ ಹೆಸರಿನಲ್ಲಿ ಭಾರತಕ್ಕೆ ತಂದಿತು. ಆಗ ಆ ಸಂಸ್ಥೆ ಒಂದು ಜಾಣತನದ ಕೆಲಸ ಮಾಡಿತು. ಹಳೆಯ ಆಟದಲ್ಲಿ ಆಟಗಾರರು ಗಳಿಸಿದ್ದ, ಹಣ ಕೊಟ್ಟು ಕೊಂಡಿದ್ದ ವೇಷಭೂಷಣ ಮುಂತಾದವುಗಳನ್ನು ಹೊಸ ಆಟಕ್ಕೆ ವರ್ಗಾಯಿಸಿಕೊಳ್ಳಲು ಅವಕಾಶ ನೀಡಿತು. ಹಳೆಯ ಜಮೆಯನ್ನು ಹೊಸ ಖಾತೆಗೆ ಎತ್ತಿ ಬರೆಯುವುದೆಂದರೆ ಇದೇ. ಒಂದು ವರ್ಷಕ್ಕೆ ಸಮೀಪದ ಅವಧಿ ಆಟವೇ ಇಲ್ಲದಿದ್ದರೂ ಹಳೆಯ ಆಟಗಾರರು ದೊಡ್ಡ ಸಂಖ್ಯೆಯಲ್ಲಿ ಮರಳಿ ಬಂದರು.

ಎಲ್ಲ ಸಂಸ್ಥೆಗಳೂ ಇಷ್ಟು ಎಚ್ಚರ ವಹಿಸುವುದಿಲ್ಲ. ಜನಪ್ರಿಯವಾದ ಆಟವೊಂದರ ಮುಂದಿನ ಭಾಗವನ್ನು ತಯಾರಿಸುವಾಗ ಹಳೆಯ ಅಭಿಮಾನಿಗಳೇ ಮೊದಲ ಗಿರಾಕಿಗಳಾಗಿರುತ್ತಾರೆ. ಅವರನ್ನು ಹುಡುಕಿ ತರಲು ಜಾಹೀರಾತಿನ ವೆಚ್ಚ ಬೇಕಿಲ್ಲ. ಆದರೆ ಮೊದಲ ಭಾಗದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಗಂಟೆಗಳನ್ನು ಕಳೆದ ಈ ಜನರು ಆ ಆಟದಲ್ಲಿ ತಮಗೂ ಒಂದು ಪಾಲಿದೆಯೆಂದು ಭಾವಿಸಿರುತ್ತಾರೆ. ಕಾನೂನಿನ ದೃಷ್ಟಿಯಿಂದ ಅವರಿಗೆ ಯಾವ ಹಕ್ಕೂ ಇಲ್ಲ. ತಯಾರಕರ ದೃಷ್ಟಿಯಿಂದ ಅವರು ಗಿರಾಕಿಗಳು ಮಾತ್ರ. ಈ ಎರಡು ಭಾವನೆಗಳ ನಡುವಿನ ಅಂತರದಲ್ಲಿಯೇ ಜಗಳ ಹುಟ್ಟುತ್ತದೆ.

ಕೊಟ್ಟ ಮಾತು ತಪ್ಪಿದ ಸಂಸ್ಥೆ

ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಸ್ಟಾರ್‌ಬ್ರೀಜ್ ಎಂಬ ಸಂಸ್ಥೆಯಿದೆ. ಅದರ ಅಂಗಸಂಸ್ಥೆಯಾದ ಓವರ್‌ಕಿಲ್ 2013ರ ಆಗಸ್ಟ್‌ನಲ್ಲಿ ‘ಪೇಡೇ 2’ ಎಂಬ ಆಟವನ್ನು ಹೊರತಂದಿತು. ಬೇರೆ ಬೇರೆ ಊರುಗಳಲ್ಲಿ ಕುಳಿತ ನಾಲ್ವರು ಅಂತರಜಾಲದ ಮೂಲಕ ಒಂದಾಗಿ, ಮುಖವಾಡ ಧರಿಸಿ ಬ್ಯಾಂಕ್ ದರೋಡೆ ಮಾಡುವುದು ಆಟದ ವಸ್ತು. ಈ ವಸ್ತು ನಮ್ಮಲ್ಲಿ ಅನೇಕರಿಗೆ ಒಪ್ಪಿಗೆಯಾಗದಿರಬಹುದು. ಇಲ್ಲಿ ನಮಗೆ ಬೇಕಾದದ್ದು ಅದರ ವ್ಯಾಪಾರದ ಭಾಗ. ಆಟ ಅಪಾರ ಜನಪ್ರಿಯತೆ ಗಳಿಸಿತು. ಒಮ್ಮೆ ಆಟ ಕೊಂಡವರಿಂದ ಆಟದೊಳಗೆ ಚಿಲ್ಲರೆಯಾಗಿ ಹಣ ಕೀಳುವ ಪದ್ಧತಿ ತನ್ನಲ್ಲಿ ಇರುವುದಿಲ್ಲವೆಂದು ತಯಾರಕರು ಬಿಡುಗಡೆಗೆ ಮೊದಲೇ ಮಾತು ಕೊಟ್ಟಿದ್ದರು.

2015ರ ಅಕ್ಟೋಬರಿನಲ್ಲಿ ಆ ಮಾತು ಮುರಿದುಬಿತ್ತು. ಆಟದೊಳಗೆ ಬೀಗ ಹಾಕಿದ ತಿಜೋರಿಗಳು ಬಂದವು. ಅವನ್ನು ತೆರೆಯುವ ಕೊರೆಯುವ ಯಂತ್ರವನ್ನು ಹಣ ಕೊಟ್ಟು ಕೊಳ್ಳಬೇಕಾಯಿತು. ತಿಜೋರಿಯೊಳಗೆ ದೊರೆಯುವ ಆಯುಧದ ಹೊದಿಕೆಗಳು ಅಲಂಕಾರಕ್ಕೆ ಮಾತ್ರ ಸೀಮಿತವಾಗದೆ ಆಯುಧದ ಶಕ್ತಿಯನ್ನೂ ಹೆಚ್ಚಿಸುತ್ತಿದ್ದವು. ಅಭಿಮಾನಿಗಳು ಕೆರಳಿದರು. ಅವರ ಕೋಪಕ್ಕೆ ಕಾರಣ ಕೆಲವು ಡಾಲರುಗಳ ವೆಚ್ಚವಾಗಿರಲಿಲ್ಲ. ಆಟದ ಹೆಚ್ಚುವರಿ ಭಾಗಗಳಿಗೆ ಅವರು ಅದಕ್ಕೂ ಮೊದಲು ಸಂತೋಷದಿಂದ ಹಣ ಕೊಟ್ಟವರೇ. ಇಲ್ಲವೆಂದು ಹೇಳಿದ್ದನ್ನು ಹೇಳದೆ ಕೇಳದೆ ತಂದದ್ದು ಅವರನ್ನು ನೋಯಿಸಿತು. 2016ರ ಮಧ್ಯಭಾಗದಲ್ಲಿ ಆಟದ ಸಂಪೂರ್ಣ ಹಕ್ಕುಗಳನ್ನು ಪ್ರಕಾಶಕರಿಂದ ಮರಳಿ ಪಡೆದ ಸ್ಟಾರ್‌ಬ್ರೀಜ್, ಹಣ ಕೊಟ್ಟು ಯಂತ್ರ ಕೊಳ್ಳುವ ಪದ್ಧತಿಯನ್ನು ಕೈಬಿಟ್ಟಿತು. ಅಭಿಮಾನಿಗಳು ಸಮಾಧಾನಗೊಂಡರು. ತಪ್ಪನ್ನು ತಿದ್ದಿಕೊಂಡರೆ ಗಿರಾಕಿ ಮರಳುತ್ತಾನೆಂಬುದಕ್ಕೆ ಇದು ನಿದರ್ಶನ.

ಬೆಂಗಳೂರಿನ ಧ್ರುವ

ಇದೇ 2016ರ ಡಿಸೆಂಬರಿನಲ್ಲಿ ಸ್ಟಾರ್‌ಬ್ರೀಜ್ ಸಂಸ್ಥೆ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್‌ನ ಶೇ. 90.5ರಷ್ಟು ಪಾಲನ್ನು ಕೊಂಡುಕೊಂಡಿತು. ಧ್ರುವ ಸಾಮಾನ್ಯ ಸಂಸ್ಥೆಯಲ್ಲ. ರಾಜೇಶ್ ರಾವ್ ಅವರು 1997ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯನ್ನು ಭಾರತದ ವಿಡಿಯೊ ಗೇಮ್ ಉದ್ಯಮದ ಮೊದಲ ಸಂಸ್ಥೆಯೆಂದು ಪರಿಗಣಿಸಲಾಗುತ್ತದೆ. ‘ಫೋರ್ಜಾ’ದಂತಹ ಪ್ರಸಿದ್ಧ ವಿದೇಶಿ ಆಟಗಳಿಗೆ ಬೇಕಾದ ಚಿತ್ರಕಲೆಯ ಕೆಲಸವನ್ನು ಅದು ಮಾಡಿಕೊಡುತ್ತಿತ್ತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ಕಾರ್ಖಾನೆಗೆ ಬಿಡಿಭಾಗ ತಯಾರಿಸಿ ಕೊಡುವ ಸಣ್ಣ ಕೈಗಾರಿಕೆಯಂತೆ ಬೆಳೆದ ಸಂಸ್ಥೆಯದು. ಮುನ್ನೂರು ಜನರಿಗೆ ಅದು ಉದ್ಯೋಗ ಕೊಟ್ಟಿತ್ತು.

ಮುಂದೆ ಎರಡೇ ವರ್ಷಗಳಲ್ಲಿ ಸ್ಟಾಕ್‌ಹೋಮಿನ ಒಡೆಯರು ಸಂಕಟಕ್ಕೆ ಸಿಲುಕಿದರು. 2018ರ ನವೆಂಬರಿನಲ್ಲಿ ಅವರು ಬಹು ನಿರೀಕ್ಷೆಯಿಂದ ತಂದ ‘ದಿ ವಾಕಿಂಗ್ ಡೆಡ್’ ಆಟ ಸೋತಿತು. ಇದು ಪೇಡೇಯ ಮುಂದಿನ ಭಾಗವಲ್ಲದಿದ್ದರೂ, ಪೇಡೇ ತಯಾರಿಸಿದವರ ಆಟವೆಂಬ ಕಾರಣಕ್ಕೆ ಅದರ ಅಭಿಮಾನಿಗಳನ್ನೇ ಬಹುಮಟ್ಟಿಗೆ ನೆಚ್ಚಿಕೊಂಡಿತ್ತು. ಅವರು ನಿರೀಕ್ಷಿಸಿದ ಸಂಖ್ಯೆಯಲ್ಲಿ ಬರಲಿಲ್ಲ. ಮರುತಿಂಗಳೇ, ಅಂದರೆ 2018ರ ಡಿಸೆಂಬರಿನಲ್ಲಿ, ಸ್ಟಾರ್‌ಬ್ರೀಜ್ ಸ್ವೀಡನ್ನಿನ ನ್ಯಾಯಾಲಯದ ಮುಂದೆ ಪುನರ್ರಚನೆಗೆ ಅರ್ಜಿ ಸಲ್ಲಿಸಬೇಕಾಯಿತು. ಸಾಲಗಾರರ ಕಾಟದಿಂದ ಪಾರಾಗಲು ಅದು ಆಸ್ತಿಗಳನ್ನು ಒಂದೊಂದಾಗಿ ಮಾರತೊಡಗಿತು. 2019ರ ಮೇ ತಿಂಗಳಲ್ಲಿ ಧ್ರುವದ ಪಾಲು 79 ಲಕ್ಷ ಅಮೆರಿಕನ್ ಡಾಲರುಗಳಿಗೆ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಕೈಸೇರಿತು. ಬೆಂಗಳೂರಿನಲ್ಲಿಯೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಶಾಖೆಯಲ್ಲಿ ಅದು ವಿಲೀನವಾಯಿತು. ಎರಡು ದಶಕಗಳ ಕಾಲ ಬೆಳಗಿದ ಧ್ರುವ ಎಂಬ ಹೆಸರು ಹೀಗೆ ಮರೆಯಾಯಿತು.

ಇಲ್ಲಿ ಬೆಂಗಳೂರಿನ ಕಲಾವಿದರ ತಪ್ಪು ಏನೂ ಇರಲಿಲ್ಲ. ಅವರ ಅದೃಷ್ಟಕ್ಕೆ ಹೊಸ ಒಡೆಯರು ಬಲಿಷ್ಠರಾಗಿದ್ದರು. ಆದರೆ ಎಲ್ಲೋ ದೂರದೇಶದ ಗಿರಾಕಿಗಳು ಬೆನ್ನು ತಿರುಗಿಸಿದರೆ ನಮ್ಮೂರಿನ ಕೆಲಸದವರ ಸಂಬಳದ ಚೀಟಿಯ ಮೇಲಿನ ಹೆಸರೇ ಬದಲಾಗುತ್ತದೆಂಬುದನ್ನು ಈ ಘಟನೆ ತೋರಿಸಿತು. ದೊಡ್ಡ ಸಂಸ್ಥೆಗೆ ಮಾಲು ಒದಗಿಸುವ ಪ್ರತಿಯೊಬ್ಬ ಸಣ್ಣ ಉತ್ಪಾದಕನೂ ತನ್ನ ಗಿರಾಕಿಯನ್ನಷ್ಟೇ ಅಲ್ಲದೆ, ಗಿರಾಕಿಯ ಗಿರಾಕಿಯನ್ನೂ ಗಮನಿಸುತ್ತಿರಬೇಕು.

ಮೂರನೆಯ ಭಾಗದ ಸೋಲು

ಸ್ಟಾರ್‌ಬ್ರೀಜ್ ಪುನರ್ರಚನೆಯಿಂದ 2019ರ ಕೊನೆಯಲ್ಲಿ ಹೊರಬಂದಿತು. ಅದರ ಎಲ್ಲ ಆಶೆಯೂ ‘ಪೇಡೇ 3’ರ ಮೇಲೆ ನಿಂತಿತ್ತು. ಹತ್ತು ವರ್ಷ ಕಾದಿದ್ದ ಅಭಿಮಾನಿಗಳ ಮುಂದೆ ಆ ಆಟ 2023ರ ಸೆಪ್ಟೆಂಬರ್ 21ರಂದು ಬಂದಿತು. ಮೊದಲ ದಿನಗಳಲ್ಲಿಯೇ ಅನೇಕರಿಗೆ ಆಟದೊಳಗೆ ಪ್ರವೇಶವೇ ದೊರೆಯಲಿಲ್ಲ. ಒಬ್ಬನೇ ಕುಳಿತು ಆಡಬಯಸುವವನೂ ಕಡ್ಡಾಯವಾಗಿ ಸಂಸ್ಥೆಯ ಕೇಂದ್ರ ಗಣಕಯಂತ್ರಗಳ ಮೂಲಕವೇ ಬರಬೇಕೆಂಬ ಹೊಸ ನಿಯಮವನ್ನು ಮಾಡಲಾಗಿತ್ತು. ಆ ಯಂತ್ರಗಳು ಜನಸಂದಣಿಯನ್ನು ತಾಳಲಿಲ್ಲ. ಹಳೆಯ ಆಟದಲ್ಲಿ ಸಂಪರ್ಕವಿಲ್ಲದೆಯೂ ಒಬ್ಬನೇ ಆಡಬಹುದಾಗಿತ್ತು. ಇದಲ್ಲದೆ, ಆಟಗಾರನು ಹಂತಹಂತವಾಗಿ ಮೇಲೇರುವ ಕ್ರಮವನ್ನೂ ಬದಲಿಸಲಾಗಿತ್ತು. ದರೋಡೆ ಯಶಸ್ವಿಯಾದರೂ ನಿಗದಿತ ಸವಾಲುಗಳನ್ನು ಪೂರೈಸದಿದ್ದರೆ ಮುನ್ನಡೆಯಿರಲಿಲ್ಲ.

ಆಟಗಾರರನ್ನು ಜೋಡಿಸುವ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿದ್ದೆವು, ಅದರ ತಂತ್ರಾಂಶದ ದೋಷದಿಂದ ತೊಂದರೆಯಾಯಿತು ಎಂದು ಸ್ಟಾರ್‌ಬ್ರೀಜ್ ವಿವರಣೆ ನೀಡಿ ಕ್ಷಮೆ ಕೋರಿತು. ವಿವರಣೆ ನಿಜವೇ ಇದ್ದಿರಬಹುದು. ಆದರೆ ದಾರದ ಬಣ್ಣ ಬಿಟ್ಟಾಗ ಸೀರೆ ಕೊಂಡವಳು ಬಣ್ಣ ಹಾಕಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ. ಸೀರೆ ಮಾರಿದ ಅಂಗಡಿಗೇ ಬರುತ್ತಾಳೆ. ದೋಷಗಳನ್ನು ತಿದ್ದುವ ಮೊದಲ ಪರಿಷ್ಕರಣೆಯೂ ಹೇಳಿದ ದಿನಕ್ಕೆ ಬರದೆ ವಾರಗಟ್ಟಲೆ ತಡವಾಯಿತು. ಅಷ್ಟರಲ್ಲಿ ಅಭಿಮಾನಿಗಳು ಹಳೆಯ ‘ಪೇಡೇ 2’ಕ್ಕೆ ಹಿಂತಿರುಗಿದ್ದರು. ಕೆಲವೇ ವಾರಗಳಲ್ಲಿ, ಗಣಕಯಂತ್ರ ಆಟಗಳ ಪ್ರಮುಖ ಮಳಿಗೆಯಾದ ಸ್ಟೀಮ್‌ನಲ್ಲಿ ಹೊಸ ಆಟಕ್ಕಿಂತ ಹತ್ತು ವರ್ಷ ಹಳೆಯ ಆಟವನ್ನು ಆಡುವವರೇ ಹೆಚ್ಚಾದರು. ತನ್ನ ಹಳೆಯ ಸರಕೇ ಹೊಸ ಸರಕಿಗೆ ಪ್ರತಿಸ್ಪರ್ಧಿಯಾಗಿ ನಿಂತದ್ದನ್ನು ಸಂಸ್ಥೆ ನೋಡುತ್ತ ಕೂರಬೇಕಾಯಿತು. 2024ರ ಫೆಬ್ರವರಿಯಲ್ಲಿ ಆಟವನ್ನು ದುರಸ್ತಿಗೊಳಿಸುವ ವಿಶೇಷ ಕಾರ್ಯಕ್ರಮವನ್ನು ಘೋಷಿಸಲಾಯಿತು. ಮಾರ್ಚಿನಲ್ಲಿ ಸಂಸ್ಥೆಯ ಮುಖ್ಯ ಕಾರ್ಯನಿರ್ವಾಹಕರು ಹುದ್ದೆ ಕಳೆದುಕೊಂಡರು. ಒಬ್ಬನೇ ಸಂಪರ್ಕವಿಲ್ಲದೆ ಆಡುವ ಸೌಲಭ್ಯ 2024ರ ಮಧ್ಯಭಾಗದಲ್ಲಿ ಬಂದಾಗ, ಅದಕ್ಕಾಗಿ ಮೊದಲ ದಿನ ಕೂಗಿದ್ದವರಲ್ಲಿ ಹಲವರು ಆಗಲೇ ಆಟ ಬಿಟ್ಟಿದ್ದರು.

ಹಳೆಯದನ್ನು ಕಿತ್ತು ಹೊಸದನ್ನು ಕೊಟ್ಟಾಗ

ಧ್ರುವವನ್ನು ಕೊಂಡ ರಾಕ್‌ಸ್ಟಾರ್ ಸಂಸ್ಥೆಯೂ ಇಂತಹ ಪರೀಕ್ಷೆಯಿಂದ ತಪ್ಪಿಸಿಕೊಳ್ಳಲಿಲ್ಲ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಲಿಕೆಯ 2001, 2002 ಮತ್ತು 2004ರ ಮೂರು ಪ್ರಸಿದ್ಧ ಆಟಗಳನ್ನು ಹೊಸ ಯಂತ್ರಗಳಿಗೆ ಹೊಂದುವಂತೆ ನವೀಕರಿಸಿ 2021ರ ನವೆಂಬರ್ 11ರಂದು ಅದು ಬಿಡುಗಡೆ ಮಾಡಿತು. ನವೀಕರಣದ ಕೆಲಸವನ್ನು ಅಮೆರಿಕದ ಇನ್ನೊಂದು ಸಂಸ್ಥೆ ಮಾಡಿತ್ತು. ಇದಕ್ಕೆ ಮೊದಲು, ಅಕ್ಟೋಬರಿನಲ್ಲಿ, ಹಳೆಯ ಮೂರು ಆಟಗಳನ್ನು ಅಂತರಜಾಲ ಮಳಿಗೆಗಳಿಂದ ಹಿಂತೆಗೆದುಕೊಳ್ಳಲಾಗಿತ್ತು. ಹೊಸ ಆವೃತ್ತಿಯಲ್ಲಿ ಪಾತ್ರಗಳ ಮುಖಗಳು ವಿಕಾರವಾಗಿ ಕಂಡವು. ಮಳೆ ಸುರಿದರೆ ದಾರಿಯೇ ಕಾಣದಂತಾಗುತ್ತಿತ್ತು. ದೋಷಗಳು ಹೆಜ್ಜೆಹೆಜ್ಜೆಗೆ ಎದುರಾದವು. ಒಳ್ಳೆಯದನ್ನು ಕಿತ್ತುಕೊಂಡು ಕೆಟ್ಟದ್ದನ್ನು ಕೈಗಿಟ್ಟಿರೆಂದು ಅಭಿಮಾನಿಗಳು ದೂರಿದರು. ನವೆಂಬರ್ 19ರಂದು ರಾಕ್‌ಸ್ಟಾರ್ ಬಹಿರಂಗವಾಗಿ ಕ್ಷಮೆ ಕೇಳಿತು. ಹಳೆಯ ಆಟಗಳನ್ನು ತನ್ನ ಮಳಿಗೆಯಲ್ಲಿ ಮತ್ತೆ ಮಾರಾಟಕ್ಕಿಡುವುದಾಗಿಯೂ, ಹೊಸದನ್ನು ಕೊಂಡವರಿಗೆ ಅವನ್ನು ಉಚಿತವಾಗಿ ಕೊಡುವುದಾಗಿಯೂ ಪ್ರಕಟಿಸಿತು. ಪರಿಷ್ಕರಣೆಯ ಕೆಲಸ ಮುಂದುವರಿದು, 2024ರ ನವೆಂಬರಿನಲ್ಲಿ ಹಳೆಯ ಆಟದ ಬೆಳಕಿನ ಛಾಯೆಯನ್ನು ಮರಳಿ ಸೇರಿಸಲಾಯಿತು.

ಹಿರಿಯ ವ್ಯಾಪಾರಿಗಳಿಗೆ ಇದನ್ನು ಓದಿದಾಗ ಕೋಕಾಕೋಲಾದ ಪ್ರಸಂಗ ನೆನಪಾಗಬಹುದು. 1985ರ ಏಪ್ರಿಲಿನಲ್ಲಿ ಆ ಸಂಸ್ಥೆ ಅಮೆರಿಕದಲ್ಲಿ ತನ್ನ ಪಾನೀಯದ ರುಚಿಯನ್ನೇ ಬದಲಿಸಿತು. ರುಚಿ ಪರೀಕ್ಷೆಗಳಲ್ಲಿ ಜನರು ಹೊಸದನ್ನೇ ಮೆಚ್ಚಿದ್ದರು. ಆದರೆ ಹಳೆಯದನ್ನು ಮಾರುಕಟ್ಟೆಯಿಂದ ತೆಗೆದುಹಾಕಿದ ಕೂಡಲೇ ಪ್ರತಿಭಟನೆ ಆರಂಭವಾಯಿತು. ಮೂರು ತಿಂಗಳು ತುಂಬುವ ಮೊದಲೇ ಸಂಸ್ಥೆ ಹಳೆಯ ಪಾನೀಯವನ್ನು ಮರಳಿ ತಂದಿತು. ಹೊಸದು ಎಷ್ಟೇ ಚೆನ್ನಾಗಿದ್ದರೂ, ಹಳೆಯದನ್ನು ಆಯ್ದುಕೊಳ್ಳುವ ಅವಕಾಶವನ್ನು ಗಿರಾಕಿಯಿಂದ ಕಸಿದುಕೊಂಡರೆ ಅವನು ಹೊಸದರ ಗುಣವನ್ನು ನೋಡುವುದೇ ಇಲ್ಲ.

ತಯಾರಕರ ಪಕ್ಷದ ಮಾತು

ಇಷ್ಟರಿಂದ ಅಭಿಮಾನಿಗಳು ಹೇಳಿದ್ದೆಲ್ಲ ಸರಿ, ತಯಾರಕರು ಅವರ ಆಜ್ಞಾಧಾರಕರಾಗಿರಬೇಕು ಎಂಬ ತೀರ್ಮಾನಕ್ಕೆ ಬರುವುದು ತಪ್ಪಾದೀತು. ಅಭಿಮಾನವು ಮಿತಿ ಮೀರಿದ ಪ್ರಸಂಗಗಳೂ ಇವೆ. 2020ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಆಟದ ಎರಡನೆಯ ಭಾಗ ಬಂದಾಗ, ಕಥೆಯ ತಿರುವನ್ನು ಒಪ್ಪದ ಕೆಲವರು ಅದರಲ್ಲಿ ಒಂದು ಪಾತ್ರವನ್ನು ನಿರ್ವಹಿಸಿದ ನಟಿ ಲಾರಾ ಬೈಲಿ ಅವರಿಗೆ ಕೊಲೆ ಬೆದರಿಕೆಗಳನ್ನು ಕಳುಹಿಸಿದರು. ಇದನ್ನು ಯಾವ ಗಿರಾಕಿಯ ಹಕ್ಕೆಂದೂ ಸಮರ್ಥಿಸಲಾಗದು. ಕೆಲಸದವರನ್ನು ಇಂತಹ ಜನರಿಂದ ಕಾಪಾಡುವುದು ಮಾಲೀಕನ ಕರ್ತವ್ಯ.

ಸಭ್ಯವಾದ ಪ್ರತಿಭಟನೆಗೆ ಬೇರೊಂದು ಉದಾಹರಣೆಯಿದೆ. 2012ರ ಮಾರ್ಚಿನಲ್ಲಿ ಕೆನಡಾದ ಬಯೋವೇರ್ ಸಂಸ್ಥೆಯ ‘ಮಾಸ್ ಎಫೆಕ್ಟ್ 3’ ಬಿಡುಗಡೆಯಾಯಿತು. ಹಿಂದಿನ ಎರಡು ಭಾಗಗಳಲ್ಲಿ ತಾವು ಕೈಗೊಂಡ ನಿರ್ಧಾರಗಳಿಗೆ ಕೊನೆಯಲ್ಲಿ ಬೆಲೆಯೇ ಸಿಗಲಿಲ್ಲವೆಂದು, ಮೂರು ಬಗೆಯ ಮುಕ್ತಾಯಗಳಲ್ಲಿ ಬಣ್ಣದ ಹೊರತು ವ್ಯತ್ಯಾಸವಿಲ್ಲವೆಂದು ಅಭಿಮಾನಿಗಳು ಬೇಸರಗೊಂಡರು. ಅವರು ಸಂಸ್ಥೆಯ ಕಚೇರಿಗೆ ಸುಮಾರು 400 ಸಣ್ಣ ಕೇಕುಗಳನ್ನು ಕಳುಹಿಸಿದರು. ಕೇಕುಗಳ ಮೇಲಿನ ಬಣ್ಣ ಮೂರು ಬಗೆ, ಒಳಗಿನ ರುಚಿ ಮಾತ್ರ ಒಂದೇ! ತಮ್ಮ ದೂರಿನ ಹೆಸರಿನಲ್ಲಿಯೇ ಅವರು ಆಸ್ಪತ್ರೆಯ ಮಕ್ಕಳಿಗೆ ಆಟಿಕೆ ಒದಗಿಸುವ ದತ್ತಿ ಸಂಸ್ಥೆಗೆ ಹಣವನ್ನೂ ಸಂಗ್ರಹಿಸಿದರು. ಬಯೋವೇರ್ ಕಥೆಯನ್ನು ಬದಲಿಸಲಿಲ್ಲ. ಅದೇ ವರ್ಷದ ಜೂನಿನಲ್ಲಿ ಮುಕ್ತಾಯವನ್ನು ವಿಸ್ತರಿಸಿ, ವಿವರಿಸಿ, ಉಚಿತವಾಗಿ ನೀಡಿತು. ಎಲ್ಲರಿಗೂ ತೃಪ್ತಿಯಾಗಲಿಲ್ಲ, ಆದರೂ ತಮ್ಮ ಮಾತನ್ನು ಕೇಳಿಸಿಕೊಂಡರೆಂಬ ಸಮಾಧಾನ ಬಹಳಷ್ಟು ಮಂದಿಗೆ ದೊರೆಯಿತು.

ತಡ ಮಾಡುವ ಧೈರ್ಯವೂ ಒಮ್ಮೊಮ್ಮೆ ಬೇಕಾಗುತ್ತದೆ. 2013ರ ಸೆಪ್ಟೆಂಬರಿನಲ್ಲಿ ಬಂದ ರಾಕ್‌ಸ್ಟಾರ್‌ನ ‘ಗ್ರ್ಯಾಂಡ್ ಥೆಫ್ಟ್ ಆಟೊ 5’ರ 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅದರ ಮುಂದಿನ ಭಾಗವನ್ನು 2025ರಲ್ಲಿ ತರುವುದಾಗಿ ಹೇಳಿದ್ದ ಸಂಸ್ಥೆ ಮೊದಲು 2026ರ ಮೇ 26ಕ್ಕೆ, ಬಳಿಕ 2025ರ ನವೆಂಬರಿನಲ್ಲಿ ಮತ್ತೊಮ್ಮೆ 2026ರ ನವೆಂಬರ್ 19ಕ್ಕೆ ಮುಂದೂಡಿತು. ಅಭಿಮಾನಿಗಳು ಗೊಣಗಿದರು, ಮಾತೃಸಂಸ್ಥೆಯ ಷೇರುಗಳ ಬೆಲೆ ಇಳಿಯಿತು. ಆದರೆ 2021ರ ನವೀಕರಣದಲ್ಲಿ ಕೈ ಸುಟ್ಟುಕೊಂಡ ಸಂಸ್ಥೆಗೆ ಅರೆಬೆಂದ ಸರಕನ್ನು ಹೇಳಿದ ದಿನ ಕೊಡುವುದಕ್ಕಿಂತ ಬೆಂದದ್ದನ್ನು ತಡವಾಗಿ ಕೊಡುವುದೇ ಲೇಸೆನಿಸಿದ್ದರೆ ಆಶ್ಚರ್ಯವಿಲ್ಲ.

ನಮ್ಮ ಪೇಟೆಯಲ್ಲಿ

ಈಗ ನಮ್ಮ ಊರಿನ ಕಡೆ ನೋಡೋಣ. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸುವ ಮನೆಗಳಿಗೆ ಬ್ಯಾಡಗಿ ಮೆಣಸಿನಕಾಯಿಯೇ ಬೇಕು. ಸುಕ್ಕುಗಟ್ಟಿದ ಮೈ, ಗಾಢ ಕೆಂಪು ಬಣ್ಣ, ಹಿತವಾದ ಖಾರ ಅದರ ಲಕ್ಷಣಗಳು. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಎರೆಹೊಲಗಳಲ್ಲಿ ಬೆಳೆಯುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಚ್ಚು ಇಳುವರಿಯ ಸಂಕರ ತಳಿಗಳು ಬಂದಾಗ ಬೆಳೆಗಾರನಿಗೆ ಅನುಕೂಲವಾದದ್ದು ನಿಜ. ಅವುಗಳನ್ನು ಅವುಗಳ ಹೆಸರಿನಲ್ಲಿಯೇ ಮಾರಿದರೆ ಯಾರದೂ ತಕರಾರಿಲ್ಲ. ಆದರೆ ಡಬ್ಬಿ, ಕಡ್ಡಿ ಎಂದು ಹೇಳಿ ಸಂಕರ ಕಾಯಿಯನ್ನು ಬೆರೆಸಿ ಕೊಟ್ಟರೆ ಮನೆಯೊಡತಿ ಸಾರಿನ ಬಣ್ಣ ನೋಡಿಯೇ ಗುರುತಿಸುತ್ತಾಳೆ. ಮರುವರ್ಷ ಅವಳು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಸದ್ದುಗದ್ದಲವಿಲ್ಲದ ಈ ಪ್ರತಿಭಟನೆ ವ್ಯಾಪಾರಿಯ ಗಮನಕ್ಕೂ ಬರುವುದಿಲ್ಲ; ಹಾಗಾಗಿ ಅದು ಹೆಚ್ಚು ಅಪಾಯಕಾರಿ.

ಬೆಟಗೇರಿಯ ಮಗ್ಗದ ಸೀರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಒಡಲಿನ ಬಣ್ಣ ಬದಲಿಸಿದರೆ, ನೂಲು ಬದಲಿಸಿದರೆ ಗಿರಾಕಿ ಒಪ್ಪಬಹುದು. ಇಳಕಲ್ ಮಾದರಿಯ ಸೀರೆಯ ಕೆಂಪು ಸೆರಗನ್ನೇ ಬದಲಿಸಿ ಅದನ್ನು ಇಳಕಲ್ ಎಂದರೆ ಅವಳು ಒಪ್ಪುವುದಿಲ್ಲ. ಯಾವುದು ಒಡಲು, ಯಾವುದು ಸೆರಗು ಎಂಬುದನ್ನು ಬಲ್ಲವನು ಧೈರ್ಯವಾಗಿ ಹೊಸತನ ತರಬಲ್ಲ. ‘ಪೇಡೇ 3’ರ ತಯಾರಕರು ಬದಲಿಸಿದ್ದು ಸೆರಗನ್ನು.

ಗಮನಿಸಬೇಕಾದ ಅಂಶಗಳು

ಸರಕಿನ ಹೊಸ ರೂಪವನ್ನು ಮಾರುಕಟ್ಟೆಗೆ ತರಬಯಸುವ ಉತ್ಪಾದಕರು ಈ ಪ್ರಸಂಗಗಳಿಂದ ಕೆಲವು ಅಂಶಗಳನ್ನು ಗ್ರಹಿಸಬಹುದು. ಮೊದಲನೆಯದಾಗಿ, ಹಳೆಯ ಸರಕಿನ ಯಾವ ಗುಣಕ್ಕಾಗಿ ಗಿರಾಕಿ ಮರಳಿ ಬರುತ್ತಾನೆಂಬುದನ್ನು ಅವನನ್ನೇ ಕೇಳಿ ತಿಳಿಯಬೇಕು. ಎರಡನೆಯದಾಗಿ, ಹೊಸದು ನೆಲೆಯೂರುವವರೆಗೆ ಹಳೆಯದನ್ನು ಅಂಗಡಿಯಿಂದ ತೆಗೆಯಬಾರದು. ಮೂರನೆಯದಾಗಿ, ಈಡೇರಿಸಲಾಗದ ಮಾತನ್ನು ಕೊಡಬಾರದು. ಕೊಟ್ಟ ಮೇಲೆ ಬದಲಿಸುವುದು ಅನಿವಾರ್ಯವಾದರೆ ಮೊದಲೇ ತಿಳಿಸಿ ಕಾರಣ ಹೇಳಬೇಕು. ನಾಲ್ಕನೆಯದಾಗಿ, ದೋಷ ಹೊರಗಿನ ಪೂರೈಕೆದಾರನದಾದರೂ ಹೊಣೆಯನ್ನು ತಾನೇ ಹೊರಬೇಕು. ಕೊನೆಯದಾಗಿ, ದೂರು ಹೇಳಲು ಬಂದ ಹಳೆಯ ಗಿರಾಕಿಯನ್ನು ವಿರೋಧಿಯೆಂದು ತಿಳಿಯಬಾರದು. ವಿಶ್ವಾಸ ಕಳೆದುಕೊಂಡವನು ದೂರುವುದಕ್ಕೂ ಬರುವುದಿಲ್ಲ.

ಇವುಗಳಿಗಾಗಿ ದೊಡ್ಡ ಬಂಡವಾಳವಾಗಲಿ, ವಿದೇಶಿ ತಜ್ಞರಾಗಲಿ ಬೇಕಿಲ್ಲ. ಮುಂದಿನ ದೀಪಾವಳಿಗೆ ಹೊಸ ಪುಸ್ತಕ ತೆರೆದಾಗ, ಹಣದ ಬಾಕಿಗಳನ್ನು ಎತ್ತಿ ಬರೆದ ಬಳಿಕ, ಹತ್ತು ವರ್ಷಗಳಿಂದ ತಪ್ಪದೆ ಬರುತ್ತಿರುವ ಗಿರಾಕಿಗಳ ಹೆಸರುಗಳನ್ನು ಒಂದು ಪುಟದಲ್ಲಿ ಬರೆದುಕೊಳ್ಳೋಣ. ಈ ವರ್ಷ ಬಾರದೆ ಹೋದವರು ಯಾರೆಂಬುದು ಆಗ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಅವರಲ್ಲೊಬ್ಬರ ಮನೆಗೆ ಹೋಗಿ ಕಾರಣ ಕೇಳಿಬರುವುದು ಹೊಸ ವರ್ಷದ ಮೊದಲ ಕೆಲಸವಾಗಲಿ.